ಮೊದಲ ಮರಿಯ ಪಾಲು

ಮಕ್ಕಳೇ, ನನ್ನ ಊರು ಶಂಕಗಿರಿ. ಅದು ಸೇಲಂ ಜಿಲ್ಲೆಯಲ್ಲಿದೆ. ಊರಿನ ಪಕ್ಕದಲ್ಲಿ ದೊಡ್ಡ ಬೆಟ್ಟವಿದೆ. ಬೆಟ್ಟದ ಮೇಲೆ ಹಳೆಯ ಕೋಟೆಯಿದೆ. ಧೀರನ್ ಚಿನ್ನಮಲೈ ಅವರನ್ನು ಬ್ರಿಟಿಷರು 1805ರಲ್ಲಿ ಗಲ್ಲಿಗೇರಿಸಿದ್ದು ಈ ಕೋಟೆಯಲ್ಲಿಯೇ. ಬೆಟ್ಟವು ಶಂಖದ ಆಕಾರದಲ್ಲಿದೆ, ಆದ್ದರಿಂದ ಊರಿಗೆ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಶಂಖವೇನೋ ಸಮುದ್ರದ್ದು. ಆದರೆ ನಮ್ಮೂರಿನ ಹತ್ತಿರ ಎಲ್ಲಿಯೂ ಸಮುದ್ರವಿಲ್ಲ. ಇಲ್ಲಿರುವುದು ಲಾರಿಗಳು, ಮಗ್ಗಗಳು, ಮರಗೆಣಸಿನ ಹೊಲಗಳು.

ಆದರೂ ಈ ಪಾಠದಲ್ಲಿ ನಾನು ನಿಮಗೆ ತಿಮಿಂಗಿಲದ ವಿಷಯ ಹೇಳುತ್ತೇನೆ. ಶಂಕಗಿರಿಗೂ ತಿಮಿಂಗಿಲಕ್ಕೂ ಏನು ಸಂಬಂಧ ಎಂದು ಕೇಳುತ್ತೀರಾ? ನೀರೇ ಸಂಬಂಧ. ನಮ್ಮೂರಿನ ಮೇಲೆ ಸುರಿದ ಮಳೆ ಹಳ್ಳಗಳನ್ನು ಸೇರಿ ಕಾವೇರಿಗೆ ಹೋಗುತ್ತದೆ. ಕಾವೇರಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಧುಮುಕಿ, ಮೆಟ್ಟೂರು ಅಣೆಕಟ್ಟಿನಲ್ಲಿ ಸ್ವಲ್ಪ ತಂಗಿ, ಕೊನೆಗೆ ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಮ್ಮ ಜಿಲ್ಲೆಯ ಪೂರ್ವಕ್ಕೆ ಆತ್ತೂರು ಇದೆಯಲ್ಲ, ಅಲ್ಲಿ ವಸಿಷ್ಠ ನದಿ ಹರಿಯುತ್ತದೆ. ಅದರ ನೀರು ವೆಳ್ಳಾರು ನದಿಯಾಗಿ ಪರಂಗಿಪೇಟೆಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಪರಂಗಿಪೇಟೆ ಎಂಬ ಹೆಸರನ್ನು ನೆನಪಿಡಿ. ಮುಂದೆ ಬರುತ್ತದೆ.

ಪಠ್ಯಪುಸ್ತಕ ಸಮಿತಿಯಲ್ಲಿ ನಾನು ಈ ವಿಷಯ ತೆಗೆದಾಗ, "ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಬೇಕೇ ಟೀಚರ್?" ಎಂದು ಒಬ್ಬರು ಕೇಳಿದರು. ಬೇಕು ಎಂದೇ ನಾನು ಹೇಳಿದೆ. ಈ ಕತೆಯಲ್ಲಿ ಹೆಚ್ಚಿನ ಪಾಲು ಬರುವುದು ಮಕ್ಕಳಿಗೇ.

ತಿಮಿಂಗಿಲವು ಮೀನಲ್ಲ. ಅದು ನಮ್ಮಂತೆ ಗಾಳಿಯನ್ನು ಉಸಿರಾಡುತ್ತದೆ, ಮರಿ ಹಾಕುತ್ತದೆ, ಮರಿಗೆ ಹಾಲು ಕುಡಿಸುತ್ತದೆ. ಡಾಲ್ಫಿನ್ ಕೂಡ ಅದೇ ಬಳಗದ್ದು. ತಣ್ಣನೆಯ ನೀರಿನಲ್ಲಿ ಇರಬೇಕಾದ್ದರಿಂದ ತಿಮಿಂಗಿಲದ ಚರ್ಮದ ಕೆಳಗೆ ದಪ್ಪನೆಯ ಕೊಬ್ಬಿನ ಪದರವಿದೆ. ಅದೇ ಅದರ ಕಂಬಳಿ, ಅದೇ ಅದರ ಬುತ್ತಿ. ಹಾಲೂ ಅಷ್ಟೇ ಗಟ್ಟಿ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 4 ಪಾಲು ಕೊಬ್ಬು ಇರುತ್ತದೆ. ದೊಡ್ಡ ತಿಮಿಂಗಿಲದ ಹಾಲಿನಲ್ಲಿ ನೂರಕ್ಕೆ 30ರಿಂದ 50 ಪಾಲು! ಅಂತಹ ಹಾಲು ಕುಡಿದು ನೀಲಿ ತಿಮಿಂಗಿಲದ ಮರಿ ದಿನಕ್ಕೆ ಸುಮಾರು 90 ಕಿಲೋ ತೂಕ ಹೆಚ್ಚುತ್ತದೆ. ನಮ್ಮ ತರಗತಿಯ ನಾಲ್ಕು ಮಕ್ಕಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದಷ್ಟು, ಅದೂ ಒಂದೇ ದಿನದಲ್ಲಿ.

ಈಗ ಸ್ವಲ್ಪ ನನ್ನ ಬಾಲ್ಯಕ್ಕೆ ಬರೋಣ. 1970ರ ದಶಕದಲ್ಲಿ ನಾನು ಚಿಕ್ಕವಳಾಗಿದ್ದಾಗ, ವರ್ಷಕ್ಕೊಮ್ಮೆ ಮಲೇರಿಯಾ ಇಲಾಖೆಯವರು ಬೆನ್ನಿಗೆ ಪಂಪು ಕಟ್ಟಿಕೊಂಡು ನಮ್ಮ ಬೀದಿಗೆ ಬರುತ್ತಿದ್ದರು. ಅಜ್ಜಿ ಮಗ್ಗದ ಮೇಲೆ ಬಟ್ಟೆ ಹೊದಿಸಿ, ಪಾತ್ರೆಗಳನ್ನೂ ತೊಟ್ಟಿಲನ್ನೂ ಅಂಗಳಕ್ಕೆ ತರುತ್ತಿದ್ದಳು. ಅವರು ಒಳಗೆಲ್ಲ ಡಿ.ಡಿ.ಟಿ. ಹೊಡೆದು, ಬಾಗಿಲ ಮೇಲೆ ತಾರೀಕು ಬರೆದು ಮುಂದಿನ ಮನೆಗೆ ಹೋಗುತ್ತಿದ್ದರು. ಗೋಡೆಯ ಮೇಲೆ ಬಿಳಿ ಬಿಳಿ ಕಲೆ ಉಳಿಯುತ್ತಿತ್ತು. ಸೊಳ್ಳೆ ಸಾಯುತ್ತಿತ್ತು. ತಿಗಣೆಯೂ ಸಾಯುತ್ತಿತ್ತು. ಅಜ್ಜಿಗೆ ಸಂತೋಷವೋ ಸಂತೋಷ. ಆ ಔಷಧವನ್ನು ಸುಮ್ಮನೆ ಬೈಯುವಂತಿಲ್ಲ ಮಕ್ಕಳೇ. ನಮ್ಮ ದೇಶ ಸ್ವತಂತ್ರವಾದ ಕಾಲದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು ಎಂದು ಅಂದಾಜಿದೆ. 1960ರ ದಶಕದ ನಡುವಿನ ಹೊತ್ತಿಗೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ಡಿ.ಡಿ.ಟಿ. ಕೀಟಗಳನ್ನು ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಹಿಡಿದ ಪೌಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನ ಸಿಕ್ಕಿದ್ದು ಇದಕ್ಕಾಗಿಯೇ.

ಗೋಡೆಗೆ ಹೊಡೆದದ್ದಕ್ಕಿಂತ ಹೊಲಕ್ಕೆ ಹಾಕಿದ್ದೇ ತೊಂದರೆಯಾಯಿತು. ಹತ್ತಿಗೆ ಡಿ.ಡಿ.ಟಿ., ಭತ್ತಕ್ಕೆ ಬಿ.ಎಚ್.ಸಿ. ಪುಡಿ. ಚೀಲಗಟ್ಟಲೆ ಎರಚುತ್ತಿದ್ದರು. ಪಿ.ಸಿ.ಬಿ. ಎಂಬ ಇನ್ನೊಂದು ರಾಸಾಯನಿಕವಿತ್ತು. ಅದು ಎಣ್ಣೆಯಂಥದ್ದು. ಬೇಗ ಬೆಂಕಿ ಹತ್ತಿಕೊಳ್ಳುವುದಿಲ್ಲ. ಆದ್ದರಿಂದ 1929ರಿಂದ ಅದನ್ನು ಕಾರ್ಖಾನೆಗಳಲ್ಲಿ ತಯಾರಿಸಿ ಟ್ರಾನ್ಸ್‌ಫಾರ್ಮರ್ ಮುಂತಾದ ವಿದ್ಯುತ್ ಉಪಕರಣಗಳಿಗೆ ತುಂಬುತ್ತಿದ್ದರು. ಈ ಮೂರಕ್ಕೂ ಎರಡು ಸ್ವಭಾವಗಳು ಸಮಾನ. ಬಹಳ ಕಾಲ ಕೊಳೆಯುವುದಿಲ್ಲ. ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ.

ಬೆಣ್ಣೆಯ ಬಟ್ಟಲನ್ನು ಮುಚ್ಚದೆ ಹೆಚ್ಚಿದ ಈರುಳ್ಳಿಯ ಪಕ್ಕದಲ್ಲಿ ಇಟ್ಟು ನೋಡಿದ್ದೀರಾ? ಸಂಜೆಗೆ ಬೆಣ್ಣೆಯೆಲ್ಲ ಈರುಳ್ಳಿ ವಾಸನೆ. ಪಕ್ಕದಲ್ಲೇ ಇದ್ದ ನೀರಿಗೆ ಅಷ್ಟು ವಾಸನೆ ಬಂದಿರುವುದಿಲ್ಲ. ಜಿಡ್ಡಿಗೆ ಕೆಲವು ವಸ್ತುಗಳನ್ನು ಎಳೆದು ಹಿಡಿದಿಟ್ಟುಕೊಳ್ಳುವ ಗುಣವಿದೆ. ಹಾಗಾದರೆ ಸಮುದ್ರದಲ್ಲಿ ಜಿಡ್ಡು ಹೆಚ್ಚಾಗಿ ಇರುವುದು ಯಾರಲ್ಲಿ? ತಿಮಿಂಗಿಲದಲ್ಲಿ.

ಇದನ್ನು ನನ್ನ ತರಗತಿಯಲ್ಲಿ ಹುಣಸೆಬೀಜದ ಆಟವಾಗಿ ಆಡಿಸುತ್ತೇನೆ. ನೀವೂ ಆಡಬಹುದು. ಹದಿನೆಂಟು ಮಕ್ಕಳು ಮತ್ತಿ ಮೀನುಗಳು. ಒಬ್ಬೊಬ್ಬರ ಕೈಗೂ ಎರಡೆರಡು ಬೀಜ ಕೊಡುತ್ತೇನೆ. ಆ ಬೀಜವೇ ವಿಷ. ಎರಡು ಬೀಜವೆಂದರೆ ಏನೂ ಇಲ್ಲ, ಮುಷ್ಟಿಯಲ್ಲಿ ಅಡಗುತ್ತದೆ. ಆರು ಮಕ್ಕಳು ದೊಡ್ಡ ಮೀನುಗಳು. ಒಂದು ದೊಡ್ಡ ಮೀನು ಮೂರು ಮತ್ತಿಗಳನ್ನು ತಿನ್ನುತ್ತದೆ. ತಿಂದವರ ಕೈಗೆ ಆರು ಬೀಜ ಬಂತು. ಇನ್ನಿಬ್ಬರು ಡಾಲ್ಫಿನ್‌ಗಳು, ಒಂದು ಗಂಡು, ಒಂದು ಹೆಣ್ಣು. ಒಂದೊಂದು ಡಾಲ್ಫಿನ್ ಮೂರು ದೊಡ್ಡ ಮೀನು ತಿನ್ನುತ್ತದೆ. ಈಗ ಎಷ್ಟಾಯಿತು? ಹದಿನೆಂಟು. ಮೀನು ಕರಗಿ ಹೋಯಿತು, ಬೀಜ ಮಾತ್ರ ಹಾಗೆಯೇ ಉಳಿಯಿತು. ಮತ್ತೆ ಮತ್ತಿಗಳಿಗೆ ಹೊಸ ಬೀಜ ಕೊಟ್ಟು ಇನ್ನೂ ಎರಡು ಸುತ್ತು ಆಡಿಸುತ್ತೇನೆ. ಮೂರು ಸುತ್ತು ಮುಗಿದಾಗ ಗಂಡಿನ ಬಳಿ ಐವತ್ತನಾಲ್ಕು, ಹೆಣ್ಣಿನ ಬಳಿಯೂ ಐವತ್ತನಾಲ್ಕು. ಹುಡುಗ ಜೇಬಿಗೆ ತುಂಬಿಕೊಳ್ಳುತ್ತಾನೆ. ಹುಡುಗಿ ಲಂಗದ ಮಡಿಲು ಹಿಡಿದು ನಿಲ್ಲುತ್ತಾಳೆ.

ಮೇಲಿನವರು ಕೆಳಗಿನವರನ್ನು ತಿನ್ನುತ್ತಾ ಹೋದಂತೆ ವಿಷ ಹೀಗೆ ಗುಡ್ಡೆಯಾಗುತ್ತದೆ. ಇಲ್ಲಿಯವರೆಗೆ ಮಕ್ಕಳಿಗೆ ನಗು.

ಆಮೇಲೆ ಒಂದು ಪುಟ್ಟ ಹುಡುಗಿಯನ್ನು ಕರೆದು ತಾಯಿ ಡಾಲ್ಫಿನ್ನಿನ ಮುಂದೆ ನಿಲ್ಲಿಸುತ್ತೇನೆ. "ಇವಳು ನಿನ್ನ ಮೊದಲ ಮರಿ. ಹಾಲು ಕೊಡು" ಎನ್ನುತ್ತೇನೆ. ತಾಯಿಯ ಮೈಯ ಕೊಬ್ಬು ಕರಗಿ ಹಾಲಾಗುತ್ತದೆ. ಕೊಬ್ಬಿನ ಜೊತೆಗೆ ಬೀಜವೂ ಹೋಗುತ್ತದೆ. ಮೂವತ್ತಾರು ಬೀಜ ಮರಿಯ ಮಡಿಲಿಗೆ. ತಾಯಿಯ ಬಳಿ ಉಳಿದದ್ದು ಹದಿನೆಂಟು. ಇನ್ನೊಂದು ಸುತ್ತು ಮೀನು ತಿಂದಾಗ ತಾಯಿಗೆ ಮೂವತ್ತಾರಾಗುತ್ತದೆ, ಗಂಡಿಗೆ ಎಪ್ಪತ್ತೆರಡಾಗುತ್ತದೆ. ಎರಡನೆಯ ಮರಿಗೆ ತಾಯಿ ಇಪ್ಪತ್ತನಾಲ್ಕು ಕೊಡುತ್ತಾಳೆ. ಇದು ಆಟದ ಲೆಕ್ಕ, ನಿಜವಾದ ಲೆಕ್ಕ ಇಷ್ಟು ನೇರವಾಗಿಲ್ಲ. ಆದರೆ ನಡೆಯುವ ಕ್ರಮ ಇದೇ. ಹೆಣ್ಣು ತಿಮಿಂಗಿಲ ದೊಡ್ಡವಳಾಗುವ ತನಕ ಹತ್ತಾರು ವರ್ಷ ತಿಂದದ್ದೆಲ್ಲ ಮೈಯಲ್ಲಿ ಕೂಡಿರುತ್ತದೆ. ಅಷ್ಟು ವರ್ಷಗಳ ಗಂಟಿನ ದೊಡ್ಡ ಪಾಲು ಮೊದಲ ಮರಿಗೆ ಹೋಗುತ್ತದೆ. ನಂತರದ ಮರಿಗಳ ಪಾಲು ಕಡಿಮೆ.

ಒಂದು ವರ್ಷ, ಮೊದಲ ಮರಿಯಾಗಿ ನಿಂತಿದ್ದ ಹುಡುಗಿ ತನ್ನ ಮಡಿಲನ್ನು ನೋಡಿಕೊಂಡು ಕೇಳಿದಳು: "ಟೀಚರ್, ಮೊದಲು ಹುಟ್ಟಿದ್ದೇ ತಪ್ಪಾ?" ಅವಳು ಮನೆಗೆ ಹಿರಿಯ ಮಗಳು. ತರಗತಿಯಲ್ಲಿ ಯಾರೂ ನಗಲಿಲ್ಲ. ತಪ್ಪು ಮರಿಯದ್ದೂ ಅಲ್ಲ, ತಾಯಿಯದ್ದೂ ಅಲ್ಲ ಎಂದೆ. "ಅಮ್ಮನಿಗೆ ಗೊತ್ತಾ, ಹಾಲಲ್ಲಿ ಅದಿದೆ ಅಂತ?" ಎಂದಳು. ತಿಮಿಂಗಿಲಕ್ಕೆ ಹೇಗೆ ಗೊತ್ತಾಗಬೇಕು? ಹಸಿದ ಮರಿ ಬಂದರೆ ಅದು ಹಾಲು ಕೊಡುತ್ತದೆ, ಅಷ್ಟೇ.

ಇದು ಕೇವಲ ನನ್ನ ಊಹೆಯಲ್ಲ. ಜಪಾನಿನ ವಿಜ್ಞಾನಿಗಳು ಪಟ್ಟೆ ಡಾಲ್ಫಿನ್‌ಗಳನ್ನು ಪರೀಕ್ಷಿಸಿದಾಗ, ಗರ್ಭದಲ್ಲಿರುವಾಗ ಮರಿಗೆ ಹೋಗುವ ವಿಷ ಸ್ವಲ್ಪ, ಹಾಲಿನ ಮೂಲಕ ಹೋಗುವುದೇ ಬಹಳ ಎಂದು ತಿಳಿಯಿತು. ಓರ್ಕಾ ಎಂಬ ಕಪ್ಪು ಬಿಳುಪಿನ ತಿಮಿಂಗಿಲವಿದೆ. ಅದು ಡಾಲ್ಫಿನ್ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಸೀಲ್‌ಗಳನ್ನು ತಿನ್ನುವ ಓರ್ಕಾಗಳ ಕೊಬ್ಬನ್ನು ಪರೀಕ್ಷಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡುಗಳಲ್ಲಿ ಒಂದು ಕಿಲೋ ಕೊಬ್ಬಿಗೆ ಸುಮಾರು 250 ಮಿಲಿಗ್ರಾಂ ಪಿ.ಸಿ.ಬಿ. ಇತ್ತು. ಹೆಣ್ಣುಗಳಲ್ಲಿ ಸುಮಾರು 60 ಮಾತ್ರ. ಹೆಣ್ಣುಗಳ ಉಳಿದ ಪಾಲು ಎಲ್ಲಿಗೆ ಹೋಯಿತು ಎಂದು ನಿಮಗೆ ಈಗ ಗೊತ್ತು. ಓರ್ಕಾದ ಅಜ್ಜಿಯರು ಒಂದು ವಯಸ್ಸಿನ ನಂತರ ಮರಿ ಹಾಕುವುದಿಲ್ಲ. ಆಗ ಅವರ ಮೈಯಲ್ಲಿಯೂ ವಿಷ ಮತ್ತೆ ಏರತೊಡಗುತ್ತದೆ.

ಇನ್ನು ಪರಂಗಿಪೇಟೆಗೆ ಬರೋಣ. ಅಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಕೇಂದ್ರವಿದೆ. 1990ರ ಆಸುಪಾಸಿನಲ್ಲಿ ಅಲ್ಲಿನ ಬೆಸ್ತರ ಬಲೆಗೆ ಆಕಸ್ಮಿಕವಾಗಿ ಸಿಕ್ಕಿ ಸತ್ತ ಡಾಲ್ಫಿನ್‌ಗಳನ್ನು ನಮ್ಮ ವಿಜ್ಞಾನಿಗಳೂ ಜಪಾನಿನ ಶಿನ್ಸುಕೆ ತನಬೆ ಅವರೂ ಸೇರಿ ಪರೀಕ್ಷಿಸಿದರು. 1993ರಲ್ಲಿ ಫಲಿತಾಂಶ ಪ್ರಕಟವಾಯಿತು. ಡಾಲ್ಫಿನ್‌ಗಳ ಕೊಬ್ಬಿನಲ್ಲಿ ಡಿ.ಡಿ.ಟಿ. ಇತ್ತು, ಬಿ.ಎಚ್.ಸಿ. ಇತ್ತು, ಪಿ.ಸಿ.ಬಿ. ಇತ್ತು. ಅವುಗಳಲ್ಲಿ ಡಿ.ಡಿ.ಟಿ.ಯೇ ಮುಂದು. ಇದನ್ನು ಓದಿದ ದಿನ ನನಗೆ ನಮ್ಮ ಮನೆಯ ಗೋಡೆಯ ಬಿಳಿ ಕಲೆ ಕಣ್ಣ ಮುಂದೆ ಬಂತು. ಹತ್ತಿ ಹೊಲಗಳ ಬಿಳಿ ಪುಡಿಯೂ ಬಂತು. ಮಳೆ ಅದನ್ನು ತೊಳೆದು ಎಲ್ಲಿಗೆ ಕೊಂಡೊಯ್ಯುತ್ತಿತ್ತೆಂದು ಆಗ ನಮ್ಮ ಬೀದಿಯಲ್ಲಿ ಯಾರು ಕೇಳಿದ್ದರು?

ಮರಿಯೇ ಹಾಕದ ಹೆಣ್ಣು ತಿಮಿಂಗಿಲಕ್ಕೆ ಏನಾಗುತ್ತದೆ? 2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರಿ ಎಂಬ ದ್ವೀಪದ ದಡಕ್ಕೆ ಒಂದು ಓರ್ಕಾದ ಶವ ಬಂದು ಬಿತ್ತು. ಮೀನುಗಾರಿಕೆಯ ಹಗ್ಗಕ್ಕೆ ಸಿಕ್ಕಿಕೊಂಡು ಸತ್ತಿತ್ತು. ಅದಕ್ಕೆ ಲುಲು ಎಂದು ಹೆಸರಿಟ್ಟಿದ್ದರು. ಅವಳ ವಯಸ್ಸು ಕಡಿಮೆಯೆಂದರೂ 20. ಆ ವಯಸ್ಸಿಗೆ ಮರಿಗಳಿರಬೇಕಿತ್ತು. ಲುಲು ಒಂದು ಸಲವೂ ತಾಯಿಯಾಗಿರಲಿಲ್ಲ. ಅವಳ ಒಂದು ಕಿಲೋ ಕೊಬ್ಬಿನಲ್ಲಿ 957 ಮಿಲಿಗ್ರಾಂ ಪಿ.ಸಿ.ಬಿ. ಸಿಕ್ಕಿತು. ಸುಮಾರು 9 ಮಿಲಿಗ್ರಾಂ ದಾಟಿದರೇ ಈ ಪ್ರಾಣಿಗಳಿಗೆ ಹಾನಿ ಶುರುವಾಗುತ್ತದೆ ಎನ್ನುತ್ತಾರೆ. ಅದರ ನೂರು ಪಟ್ಟಿಗಿಂತಲೂ ಹೆಚ್ಚು! ಪಿ.ಸಿ.ಬಿ. ಹೆಚ್ಚಾದರೆ ಮರಿ ಹಾಕುವ ಶಕ್ತಿಯೇ ಕುಗ್ಗುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಮರಿ ಇಲ್ಲದ್ದರಿಂದ ಲುಲುವಿನ ಮೈಯಲ್ಲಿ ಇದ್ದದ್ದು ಇದ್ದಲ್ಲೇ ಉಳಿಯಿತು. ಅವಳಿದ್ದ ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಗಮನಿಸಿದರೂ ಒಂದು ಮರಿಯೂ ಕಂಡಿರಲಿಲ್ಲ. ಹೀಗೆಯೇ ಆದರೆ ಜಗತ್ತಿನ ಓರ್ಕಾ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನೂರು ವರ್ಷಗಳಲ್ಲಿ ಕ್ಷೀಣಿಸಬಹುದು ಎಂದು 2018ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಮನುಷ್ಯರ ತಾಯಂದಿರ ವಿಷಯವನ್ನೂ ಹೇಳಬೇಕು. 1980ರ ದಶಕದಲ್ಲಿ ಕೆನಡಾದ ಎರಿಕ್ ದೆವಾಯಿ ಎಂಬ ವೈದ್ಯರು ತಾಯಿಹಾಲನ್ನು ಪರೀಕ್ಷಿಸುತ್ತಿದ್ದರು. ಊರುಗಳ ತಾಯಂದಿರ ಹಾಲಿನ ಜೊತೆ ಹೋಲಿಸಲು ಅವರಿಗೆ ಶುದ್ಧವಾದ ಹಾಲು ಬೇಕಿತ್ತು. ಕಾರ್ಖಾನೆಯೇ ಇಲ್ಲದ ಉತ್ತರದ ಹಿಮನಾಡಿನಲ್ಲಿ ಇನ್ಯುಯಿಟ್ ಜನರಿದ್ದಾರೆ, ಅಲ್ಲಿ ಸಿಗುತ್ತದೆ ಎಂದುಕೊಂಡರು. ಪರೀಕ್ಷಿಸಿದರೆ ಅಲ್ಲಿನ ಹಾಲಿನಲ್ಲಿಯೇ ಸುಮಾರು ಐದು ಪಟ್ಟು ಪಿ.ಸಿ.ಬಿ.! ಇಡ್ಲಿ ಪಾತ್ರೆಯ ಮುಚ್ಚಳವನ್ನು ನೋಡಿದ್ದೀರಲ್ಲ. ಆವಿ ಬಿಸಿಯಿದ್ದಲ್ಲಿಂದ ಎದ್ದು ತಂಪಾದ ಕಡೆ ಹನಿಯಾಗುತ್ತದೆ. ಹಾಗೆಯೇ ಬಿಸಿ ನಾಡುಗಳಲ್ಲಿ ಎದ್ದ ಈ ರಾಸಾಯನಿಕಗಳು ಗಾಳಿಯಲ್ಲಿ ಹೋಗಿ ಹಿಮನಾಡಿನಲ್ಲಿ ಇಳಿಯುತ್ತವೆ. ಅಲ್ಲಿನ ಜನರು ತಲೆತಲಾಂತರದಿಂದ ತಿಮಿಂಗಿಲದ ಮತ್ತು ಸೀಲ್‌ನ ಕೊಬ್ಬನ್ನು ತಿನ್ನುವವರು. ಆಟದಲ್ಲಿ ಡಾಲ್ಫಿನ್‌ನ ಮೇಲೆ ಇನ್ನೊಬ್ಬರು ನಿಂತ ಹಾಗಾಯಿತು.

ನಮ್ಮ ಕನ್ನಡದ ಮಕ್ಕಳು ಓದುವ ಕಾಸರಗೋಡಿನಲ್ಲಿಯೂ ಇಂತಹ ದುಃಖ ನಡೆದಿದೆ. ಎಣ್ಮಕಜೆಯ ಪಡ್ರೆ ಎಂಬ ಹಳ್ಳಿಯ ಸುತ್ತ ಗೇರು ತೋಟಗಳಿವೆ. ಅವುಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ನೆಯ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅಲ್ಲಿ ಎಷ್ಟೋ ಮಕ್ಕಳು ಹುಟ್ಟುವಾಗಲೇ ರೋಗಿಗಳಾಗಿರುವುದನ್ನು ಊರಿನ ವೈದ್ಯರಾದ ಡಾ. ಮೋಹನ ಕುಮಾರ್ ಗಮನಿಸಿದರು. ಪತ್ರಕರ್ತರಾದ ಶ್ರೀ ಪಡ್ರೆ ಅದರ ಬಗ್ಗೆ ಬರೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪರೀಕ್ಷಿಸಿದಾಗ ಅಲ್ಲಿನ ನೀರು, ಮಣ್ಣು, ಜನರ ರಕ್ತ, ತಾಯಿಯ ಹಾಲು ಎಲ್ಲದರಲ್ಲಿಯೂ ಆ ವಿಷ ಸಿಕ್ಕಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು. ಅಷ್ಟು ತಡವಾಗಬಾರದಿತ್ತು.

ಇದನ್ನು ಓದಿ, ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರುವವರು ಹೆದರಬೇಡಿ. ಮಗುವಿಗೆ ತಾಯಿಹಾಲಿಗಿಂತ ಒಳ್ಳೆಯ ಆಹಾರ ಬೇರೆ ಇಲ್ಲ ಎಂದೇ ವೈದ್ಯರು ಇಂದೂ ಹೇಳುತ್ತಾರೆ. ಹಿಮನಾಡಿನ ತಾಯಂದಿರಿಗೂ ಹಾಲು ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ನಿಲ್ಲಿಸಬೇಕಾದ್ದು ವಿಷವನ್ನು. ನಿಲ್ಲಿಸಿದರೆ ಗುಣ ಕಾಣುತ್ತದೆ ಎಂಬುದಕ್ಕೆ ಸ್ವೀಡನ್ ದೇಶದ ಉದಾಹರಣೆಯಿದೆ. ಅಲ್ಲಿ ಹಲವು ವರ್ಷಗಳಿಂದ ತಾಯಿಹಾಲನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. 1970ರ ದಶಕದಲ್ಲಿ ಡಿ.ಡಿ.ಟಿ., ಪಿ.ಸಿ.ಬಿ.ಗಳನ್ನು ತಡೆದ ಮೇಲೆ ಹಾಲಿನಲ್ಲಿ ಅವು ಇಳಿಯುತ್ತಲೇ ಬಂದವು. ನಮ್ಮ ದೇಶದಲ್ಲಿ ಹೊಲಗಳಿಗೆ ಡಿ.ಡಿ.ಟಿ. ಹಾಕುವುದನ್ನು 1989ರಲ್ಲಿ ನಿಷೇಧಿಸಿದರು. ಬಿ.ಎಚ್.ಸಿ. 1997ರಲ್ಲಿ ನಿಂತಿತು. ಇಂತಹ ಕೊಳೆಯದ ವಿಷಗಳನ್ನು ಬಿಡುತ್ತೇವೆಂದು 2001ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಅನೇಕ ದೇಶಗಳು ಒಪ್ಪಂದ ಮಾಡಿಕೊಂಡವು. ಭಾರತ 2006ರಲ್ಲಿ ಅದನ್ನು ಸೇರಿತು. ಹಳೆಯ ಯಂತ್ರಗಳಲ್ಲಿ ಉಳಿದಿರುವ ಪಿ.ಸಿ.ಬಿ.ಯನ್ನು 2028ರೊಳಗೆ ಸುರಕ್ಷಿತವಾಗಿ ನಾಶಮಾಡಬೇಕೆಂದು ಆ ಒಪ್ಪಂದ ಹೇಳುತ್ತದೆ. ತಿಮಿಂಗಿಲಗಳಲ್ಲಿ ಇಳಿಕೆ ನಿಧಾನ. ಅವು ನಮ್ಮಷ್ಟೇ ವರ್ಷ ಬದುಕುತ್ತವೆ, ತಾಯಿಯ ಗಂಟು ಮರಿಗೆ ಬರುತ್ತದೆ.

ಹಿರಿಯ ಮಗಳಾದ ಆ ಹುಡುಗಿ ಆಟ ಆಡಿದ ಮರುದಿನ ನನ್ನ ಮೇಜಿನ ಬಳಿ ಬಂದು ನಿಂತಳು. "ಟೀಚರ್, ನಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ತಾತನ ಕಾಲದ ಒಂದು ಡಬ್ಬ ಇದೆ. ಅದರ ಮೇಲೆ ಬಿ.ಎಚ್.ಸಿ. ಅಂತ ಬರೆದಿದೆ. ಬಾವಿಗೆ ಹಾಕಿಬಿಡಲಾ?" ಎಂದಳು. ನನ್ನ ಎದೆ ಧಸಕ್ಕೆಂದಿತು. ಬಾವಿಗೂ ಬೇಡ, ಕೆರೆಗೂ ಬೇಡ, ಸುಡಲೂ ಬೇಡ, ನೀನು ಮುಟ್ಟಲೇ ಬೇಡ, ಅಪ್ಪನನ್ನು ಕರೆದುಕೊಂಡು ಬಾ ಎಂದೆ. ಸಂಜೆ ಅವಳ ತಂದೆ ಬಂದರು. "ಮೂವತ್ತು ವರ್ಷದಿಂದ ಅಲ್ಲೇ ಇದೆಯಮ್ಮಾ, ಏನೂ ಆಗಿಲ್ಲ" ಎಂದು ಮೊದಲು ನಕ್ಕರು. ಮಗಳು ಅವರ ಕೈ ಹಿಡಿದು ಹುಣಸೆಬೀಜದ ಲೆಕ್ಕವನ್ನು ಪೂರ್ತಿ ಹೇಳಿದಳು. ಮತ್ತಿಯಿಂದ ಹಿಡಿದು ಮೂವತ್ತಾರರವರೆಗೂ ಹೇಳಿದಳು. ಅವರು ನಗುವುದನ್ನು ನಿಲ್ಲಿಸಿದರು.

ಕೃಷಿ ಅಧಿಕಾರಿಗೆ ಅರ್ಜಿ ಬರೆದೆವು. ಎರಡು ಸಲ ಹೋಗಿ ಬರಬೇಕಾಯಿತು. ಮೂರನೆಯ ವಾರ ಕೈಗವಸು ಹಾಕಿಕೊಂಡ ಇಬ್ಬರು ಬಂದು, ಡಬ್ಬವನ್ನು ದಪ್ಪ ಚೀಲದಲ್ಲಿ ಕಟ್ಟಿ ಜೀಪಿನಲ್ಲಿ ಇಟ್ಟುಕೊಂಡು ಹೋದರು. ಅಟ್ಟದ ಹಲಗೆಯ ಮೇಲೆ ತುಕ್ಕಿನ ಒಂದು ದುಂಡನೆಯ ಗುರುತು ಉಳಿದಿತ್ತು. ಆ ಹಲಗೆಯನ್ನೂ ತೆಗೆದುಕೊಂಡು ಹೋಗಿ ಎಂದು ಹುಡುಗಿ ಹಟ ಹಿಡಿದಳು. ಅವರು ಜೀಪನ್ನು ಹಿಂದಕ್ಕೆ ತಂದು ಹಲಗೆಯನ್ನೂ ಒಯ್ದರು.